ಸಹಾಯ ಬೇಕು: 'ಫೈಟ್ ವಿತ್' ಅಂದರೆ ವಿರುದ್ಧವೋ, ಜೊತೆ ಸೇರಿಯೋ?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ದಯವಿಟ್ಟು ಇದನ್ನೊಂದು ಬಿಡಿಸಿ ಹೇಳಿ.

ಸಂಜೆ ನಮ್ಮ ಬೀದಿಯ ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ನಾಲ್ಕನೇ ಮೈಸೂರು ಯುದ್ಧದ ಬಗ್ಗೆ ಇಂಗ್ಲಿಷಿನಲ್ಲಿ ಬರೆಸುತ್ತಿದ್ದೆ. ಒಬ್ಬಳು 'ಟಿಪ್ಪು ಫಾಟ್ ವಿತ್ ದ ಬ್ರಿಟಿಷ್' ಎಂದು ಬರೆದಳು. ಇನ್ನೊಬ್ಬ 'ನಿಜಾಮ್ ಫಾಟ್ ವಿತ್ ದ ಬ್ರಿಟಿಷ್' ಎಂದು ಬರೆದ. 1799ರಲ್ಲಿ ಟಿಪ್ಪು ಬ್ರಿಟಿಷರ ವಿರುದ್ಧ ಹೋರಾಡಿ ಶ್ರೀರಂಗಪಟ್ಟಣದಲ್ಲಿ ಮಡಿದ. ನಿಜಾಮನ ಸೇನೆ ಇದ್ದದ್ದು ಬ್ರಿಟಿಷರ ಕಡೆಗೆ. ವಾಕ್ಯದ ರೂಪ ಒಂದೇ, ಅರ್ಥ ಮಾತ್ರ ಪೂರ್ತಿ ಉಲ್ಟಾ! ಇತಿಹಾಸ ಗೊತ್ತಿಲ್ಲದವರಿಗೆ ಯಾರು ಯಾರ ಕಡೆ ಅಂತ ಹೇಗೆ ತಿಳಿಯಬೇಕು?

ಡಿಕ್ಷನರಿ ನೋಡಿದೆ. 'ವಿತ್'ಗೆ ಎರಡೂ ಬಳಕೆ ಇದೆ ಅನ್ನುತ್ತದೆ, ಅಷ್ಟೇ. 'ಫೈಟ್ ಫಾರ್' ಅಂದರೆ ಹಕ್ಕಿಗಾಗಿ ಹೋರಾಡುವುದು, 'ಫೈಟ್ ಅಗೇನ್‌ಸ್ಟ್' ಅಂದರೆ ವಿರುದ್ಧ. ಇವುಗಳಲ್ಲಿ ಗೊಂದಲ ಇಲ್ಲ. ಅಣ್ಣನ ಜೊತೆ ಜಗಳ ಆಡಿದೆ ಅನ್ನುವಾಗಲೂ 'ವಿತ್' ಸಹಜವಾಗಿಯೇ ಕೇಳಿಸುತ್ತದೆ ಅಲ್ವಾ? ಯುದ್ಧದ ಮಾತು ಬಂದಾಗಲೇ ತೊಡಕು ಜಾಸ್ತಿ. 'ವಿತ್' ತೆಗೆದು ಸುಮ್ನೆ 'ಟಿಪ್ಪು ಫಾಟ್ ದ ಬ್ರಿಟಿಷ್' ಎಂದರೆ ವಿರುದ್ಧ ಅನ್ನೋದು ಸ್ಪಷ್ಟ. ನಿಜಾಮನಿಗೆ 'ಅಲಾಂಗ್‌ಸೈಡ್' ಹಾಕಬಹುದು.

ನನಗೆ ಬೇಕಾದ ಉತ್ತರ ಇಷ್ಟೇ: ಮಕ್ಕಳು ಎದುರಾಳಿಯ ಮುಂದೆ 'ವಿತ್' ಬರೆದರೆ ಅದನ್ನು ತಪ್ಪು ಅಂತ ಅಂಕ ಕಳೆಯಬೇಕಾ? ಅಥವಾ ಸರಿ ಅಂತ ಬಿಟ್ಟು, ಪರೀಕ್ಷೆಯಲ್ಲಿ 'ಅಗೇನ್‌ಸ್ಟ್' ಬಳಸಿ ಅಂತ ಹೇಳಿದರೆ ಸಾಕಾ?