ಬೆರಳಚ್ಚು ಸೇವೆಗಳ ‘ಸ್ಕೋರ್’: ಆಂಟಾಲಜಿ ನಿಜವಾಗಿಯೂ ಬೇಕೇ?

ಪ್ರಶ್ನೆ: ಎಂ.ಸಿ.ಎ. ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಕ್ಲೌಡ್‌ನಲ್ಲಿರುವ ಎರಡು ಬೆರಳಚ್ಚು ಸೇವೆಗಳನ್ನು ಒಂದೇ ತಂತ್ರಾಂಶಕ್ಕೆ ಜೋಡಿಸುವುದು ನನ್ನ ಪ್ರಾಜೆಕ್ಟ್. ಒಂದು ಸೇವೆ ಹೋಲಿಕೆಯನ್ನು ಅಳೆಯುತ್ತದೆ, ಅಂಕ ಹೆಚ್ಚಿದಷ್ಟೂ ಒಳ್ಳೆಯದು. ಇನ್ನೊಂದು ಅಂತರವನ್ನು ಅಳೆಯುತ್ತದೆ, ಕಡಿಮೆಯಾದಷ್ಟೂ ಒಳ್ಳೆಯದು. ಎರಡೂ ಅದನ್ನು ‘ಸ್ಕೋರ್’ ಎಂದೇ ಕಳುಹಿಸುತ್ತವೆ. ಕೋಡ್‌ನಲ್ಲಿ ಪರಿವರ್ತಿಸಿದರೆ ಸಾಕೇ, ಅಥವಾ ಔಲ್ (OWL) ಭಾಷೆಯಲ್ಲಿ ಆಂಟಾಲಜಿ, ಅಂದರೆ ಪದಗಳ ಅರ್ಥ ಮತ್ತು ಸಂಬಂಧಗಳನ್ನು ಯಂತ್ರಕ್ಕೆ ತಿಳಿಯುವಂತೆ ನಮೂದಿಸುವ ವಿವರಣೆ, ಬರೆಯಬೇಕೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ: ತಂತ್ರಾಂಶ ಉಪನ್ಯಾಸಕ, ಚಿತ್ರದುರ್ಗ

ಪರಿವರ್ತನೆಯಿಂದ ಅಂಕದ ದಿಕ್ಕು ಸರಿಹೋಗುತ್ತದೆಯೇ ಹೊರತು ಅದರ ತೂಕ ತಿಳಿಯುವುದಿಲ್ಲ. ಯಾವ ಮಿತಿಯಲ್ಲಿ ತಪ್ಪು ಹೋಲಿಕೆಯ ದರ (ಬೇರೆಯವರ ಬೆರಳನ್ನು ಹೊಂದುತ್ತದೆ ಎಂದು ಒಪ್ಪುವ ಪ್ರಮಾಣ) ಎಷ್ಟು ಎಂಬುದನ್ನು ಅಂಕದ ಜೊತೆಗೇ ದಾಖಲಿಸದಿದ್ದರೆ ಎರಡು ಸೇವೆಗಳನ್ನು ಒಟ್ಟಿಗೆ ನೋಡಲು ಆಧಾರವೇ ಇರುವುದಿಲ್ಲ. ದೃಢೀಕರಣ ಮತ್ತು ಗುರುತಿಸುವಿಕೆಯನ್ನೂ ಬೇರೆ ಬೇರೆ ವರ್ಗಗಳಾಗಿಯೇ ಇಡಿ. 10,000 ಹೋಲಿಕೆಗಳಲ್ಲಿ ಒಮ್ಮೆ ತಪ್ಪುವ ವ್ಯವಸ್ಥೆಯು ದೃಢೀಕರಣದಲ್ಲಿ, ಅಂದರೆ ಒಬ್ಬರ ಬೆರಳನ್ನು ಅವರದೇ ದಾಖಲೆಯೊಂದಿಗೆ ಹೋಲಿಸುವಾಗ, ತೃಪ್ತಿಕರವಾಗಿ ಕಾಣಬಹುದು. ಗುರುತಿಸುವಿಕೆಗಾಗಿ ಅದೇ ಬೆರಳನ್ನು 1,00,000 ದಾಖಲೆಗಳಲ್ಲಿ ಹುಡುಕಿದರೆ ಸರಾಸರಿ 10 ಮಂದಿ ಅಪರಿಚಿತರು ಪಟ್ಟಿಗೆ ಬಂದುಬಿಡುತ್ತಾರೆ. ಪರಿಭಾಷೆಗಾಗಿ ಐಎಸ್‌ಒ/ಐಇಸಿ 2382-37 ಎಂಬ ಬಯೋಮೆಟ್ರಿಕ್ಸ್ ಪದಗಳ ಅಂತರರಾಷ್ಟ್ರೀಯ ಮಾನದಂಡ ಇದೆ, ಹೊಸದನ್ನು ಕಟ್ಟಬೇಡಿ.

ಉತ್ತರ: ಪಡಿತರ ಯಂತ್ರಗಳ ನಿರ್ವಹಣೆಯಲ್ಲಿರುವವರು, ದಾವಣಗೆರೆ

ಅಂಕಕ್ಕಿಂತ ವೈಫಲ್ಯದ ಕಾರಣಕ್ಕೆ ಹೆಚ್ಚು ಗಮನ ಕೊಡಿ ಎಂಬುದು ನನ್ನ ಕಳಕಳಿಯ ವಿನಂತಿ. ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ವರ್ಷಗಟ್ಟಲೆ ದುಡಿದವರ ಬೆರಳ ಗೆರೆಗಳು ಸವೆದಿರುವುದು ಸಾಮಾನ್ಯ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಒತ್ತಿದಾಗಲೂ ಯಂತ್ರ ‘ವಿಫಲ’ ಎಂದಷ್ಟೇ ತೋರಿಸಿದರೆ, ಗೆರೆಯೇ ಮೂಡಲಿಲ್ಲವೋ, ಮೂಡಿದ್ದು ದಾಖಲೆಗೆ ಹೊಂದಲಿಲ್ಲವೋ, ಸರ್ವರ್ ಸಿಗಲಿಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಮೊದಲನೆಯದಕ್ಕೆ ಐರಿಸ್ ಅಥವಾ ಒಟಿಪಿಯಂತಹ ಬೇರೆ ದಾರಿ ಬೇಕು, ಮೂರನೆಯದಕ್ಕೆ ಸ್ವಲ್ಪ ಕಾದರೆ ಸಾಕು. ಗುರುತಿನ ಪ್ರಶ್ನೆ ಏಳುವುದು ಎರಡನೆಯದರಲ್ಲಿ ಮಾತ್ರ. ಅಲ್ಲಿಯೂ ದಾಖಲೆಯೇ ಹಳೆಯದಾಗಿರಬಹುದು. ಮೂರನ್ನೂ ಒಂದೇ ಹೆಸರಿನಡಿ ತುಂಬಿದರೆ, ಪಡಿತರಕ್ಕೆ ಹಕ್ಕುಳ್ಳ ಹೆಣ್ಣುಮಗಳು ಸುಳ್ಳು ಹೇಳಿದವಳಂತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಉತ್ತರ: ಉಪನ್ಯಾಸಕ, ಚಿತ್ರದುರ್ಗ

ಇವರು ಹೇಳಿದ್ದು ಬಹಳ ಮುಖ್ಯ. ಆ ಮೂರು ಸ್ಥಿತಿಗಳಿಂದಲೇ ಆರಂಭಿಸಿ. ಬೆರಳಚ್ಚಿನ ಟೆಂಪ್ಲೇಟನ್ನು (ಹೋಲಿಕೆಗಾಗಿ ಗೆರೆಗಳಿಂದ ತೆಗೆದ ದತ್ತಾಂಶ) ಮಾತ್ರ ಗ್ರಾಫ್‌ಗೆ, ಅಂದರೆ ಆಂಟಾಲಜಿಯಂತೆ ಜೋಡಿಸಿದ ಮಾಹಿತಿ ಜಾಲಕ್ಕೆ, ತರಬೇಡಿ, ಅದರ ವಿವರಣೆ ಸಾಕು. ಇನ್ನೊಂದು ಮಾತು: ಔಲ್‌ನಲ್ಲಿ ಒಂದು ಸಂಗತಿ ದಾಖಲಾಗಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳೆಂದಾಗುವುದಿಲ್ಲ, ಆದ್ದರಿಂದ ಕಾರಣವಿಲ್ಲದೆ ಬಂದ ಉತ್ತರವನ್ನು ಅದು ತಡೆಯುವುದಿಲ್ಲ. ಆ ತಪಾಸಣೆಗೆ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯೂ3ಸಿ 2017ರಲ್ಲಿ ಶಿಫಾರಸು ಮಾಡಿದ, ದತ್ತಾಂಶವನ್ನು ಪರಿಶೀಲಿಸುವ ಶ್ಯಾಕಲ್ (SHACL) ಭಾಷೆಯಲ್ಲಿ ನಿಯಮಗಳನ್ನು ಬರೆದು, ಕಾರಣ ನಮೂದಿಸದ ಪ್ರತಿಯೊಂದು ‘ವಿಫಲ’ವನ್ನೂ ಸೇವೆಗೇ ಹಿಂದಿರುಗಿಸಿ.