3215031751 ಅನ್ನು ಪ್ರೋಗ್ರಾಂ ಅವಿಭಾಜ್ಯ ಎನ್ನುತ್ತಿದೆ, ಆದರೆ ಅದು 151ರಿಂದ ಭಾಗವಾಗುತ್ತದೆ

ಗಣಿತಾಸಕ್ತ:
ದೊಡ್ಡ ಸಂಖ್ಯೆಗಳು ಅವಿಭಾಜ್ಯವೇ ಎಂದು ಪರೀಕ್ಷಿಸಲು ಮಿಲ್ಲರ್–ರಾಬಿನ್ ವಿಧಾನದ ಪ್ರೋಗ್ರಾಂ ಬರೆದಿದ್ದೇನೆ. ಕೊಟ್ಟ ಸಂಖ್ಯೆಗಳಿಗೆಲ್ಲ ಸರಿಯಾಗಿ ಉತ್ತರಿಸುವ ಅದು 3215031751 ಅನ್ನು ಮಾತ್ರ ಅವಿಭಾಜ್ಯವೆನ್ನುತ್ತದೆ. ಅದಾದರೋ 151 × 751 × 28351. ಕೋಡನ್ನು ಸಾಲು ಸಾಲಾಗಿ ನೋಡಿ ಸಾಕಾಗಿದೆ. ದೋಷ ಎಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಬಿಟ್‌ಲೆಕ್ಕ:
ಇದು ಓವರ್‌ಫ್ಲೋ, ಅನುಮಾನವೇ ಬೇಡ. ಋಣ ಸಂಖ್ಯೆಗಳನ್ನೂ ಹಿಡಿಯುವ 32 ಬಿಟ್ ಪೂರ್ಣಾಂಕದ ಮಿತಿ 2147483647. ನಿಮ್ಮ ಸಂಖ್ಯೆ ಅದನ್ನು ದಾಟಿದೆ.

ಗಣಿತಾಸಕ್ತ:
ಪ್ರೋಗ್ರಾಂ ಪೈಥಾನ್‌ನಲ್ಲಿದೆ. ಅಲ್ಲಿ ಪೂರ್ಣಾಂಕಕ್ಕೆ ಅಂಥ ಮಿತಿಯಿಲ್ಲ.

ಬಿಟ್‌ಲೆಕ್ಕ:
ಪೈಥಾನ್‌ನ ಲೆಕ್ಕದ ಲೈಬ್ರರಿಯಾದ ನಂಪೈ ಬಳಸಿದ್ದರೆ ಮಿತಿ ಇದ್ದೇ ಇದೆ. ಇಷ್ಟು ದೊಡ್ಡ ಎರಡು ಶೇಷಗಳ ಗುಣಲಬ್ಧ 64 ಬಿಟ್‌ನ ಮಿತಿಯನ್ನೂ ಮೀರಬಲ್ಲದು. ಮೊದಲು ಅದನ್ನು ನೋಡಿ.

ಗಣಿತಾಸಕ್ತ:
ನಂಪೈ ಬಳಸಿಲ್ಲ.

ಶೇಷಪ್ರಿಯೆ:
ಯಾವ ಬೇಸ್‌ಗಳಿಂದ, ಅಂದರೆ ಘಾತಕ್ಕೇರಿಸಿ ಶೇಷ ನೋಡಲು ಆರಿಸಿದ ಯಾವ ಸಂಖ್ಯೆಗಳಿಂದ, ಪರೀಕ್ಷಿಸುತ್ತಿದ್ದೀರಿ ಎಂಬುದನ್ನೇ ನೀವು ತಿಳಿಸಿಲ್ಲ.

ಗಣಿತಾಸಕ್ತ:
ಎಲ್ಲರೂ ಬಳಸುವ 2, 3, 5, 7.

ಶೇಷಪ್ರಿಯೆ:
ಹಾಗಾದರೆ ಕೋಡ್ ಸರಿಯಾಗಿಯೇ ಇದೆ. ಈ ನಾಲ್ಕೂ ಬೇಸ್‌ಗಳನ್ನು ದಾಟಿಬಿಡುವ ಸಂಯುಕ್ತ ಸಂಖ್ಯೆಗಳಲ್ಲಿ ಅತಿ ಚಿಕ್ಕದೇ ಇದು, ಮತ್ತು ಅದರ ಕಾರಣ ಬಹಳ ಸೊಗಸಾಗಿದೆ. ಸಂಖ್ಯೆಯಿಂದ 1 ಕಳೆದರೆ 2 × 1607515875 ಸಿಗುತ್ತದೆ. ಎರಡನೆಯ ಅಪವರ್ತನ ಬೆಸವಾದ್ದರಿಂದ, ಬೇಸನ್ನು ಆ ಘಾತಕ್ಕೇರಿಸಿದಾಗ ಶೇಷ 1 ಅಥವಾ −1 (ಅಂದರೆ ಭಾಜಕಕ್ಕಿಂತ ಒಂದು ಕಡಿಮೆ) ಬರುತ್ತದೆಯೇ ಎಂಬುದಷ್ಟೇ ಇಲ್ಲಿ ಪರೀಕ್ಷೆ. 150, 750, 28350 ಮೂರೂ 3215031750 ಅನ್ನು ನಿಶ್ಶೇಷವಾಗಿ ಭಾಗಿಸುತ್ತವೆ, ಮೂರು ಭಾಗಲಬ್ಧಗಳೂ ಬೆಸ. ಆದ್ದರಿಂದ 151, 751, 28351 ಒಂದೊಂದರಿಂದಲೂ ಉಳಿಯುವ ಶೇಷ, ಬೇಸ್ ಅದಕ್ಕೆ ವರ್ಗಶೇಷವಾಗಿದ್ದರೆ (ಯಾವುದಾದರೂ ಪೂರ್ಣವರ್ಗವನ್ನು ಅದರಿಂದ ಭಾಗಿಸಿದಾಗ ಬೇಸ್‌ನಷ್ಟೇ ಶೇಷ ಉಳಿದರೆ) 1, ಇಲ್ಲದಿದ್ದರೆ −1. 2 ಮತ್ತು 5 ಮೂರಕ್ಕೂ ವರ್ಗಶೇಷಗಳು. 3 ಮತ್ತು 7 ಮೂರಕ್ಕೂ ಅಲ್ಲ. ಮೂರು ಅಪವರ್ತನಗಳೂ ಒಂದೇ ಉತ್ತರ ಕೊಡುವುದರಿಂದ ಸಂಖ್ಯೆ ಪಾರಾಗುತ್ತದೆ. 11 ಹಾಕಿ ನೋಡಿ: 151ಕ್ಕೆ 1, ಉಳಿದೆರಡಕ್ಕೆ −1. ಅಲ್ಲಿ ಸಿಕ್ಕಿಬೀಳುತ್ತದೆ.

ಜರಡಿ:
ಇಷ್ಟೆಲ್ಲ ಏಕೆ ಬೇಕು? ಮೊದಲೇ 1000ದೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದ್ದರೆ 151 ಸಿಗುತ್ತಿತ್ತು. ನನ್ನ ಕಂಪ್ಯೂಟರಿನಲ್ಲಿ 10 ಕೋಟಿವರೆಗಿನ ಅವಿಭಾಜ್ಯಗಳ ಪಟ್ಟಿಯೇ ಸಿದ್ಧವಿದೆ.

ಶೇಷಪ್ರಿಯೆ:
ಪಟ್ಟಿ ಈ ಸಂಖ್ಯೆಯ ಮಟ್ಟಿಗೆ ಸಾಕು. ಆದರೆ 11 ಸೇರಿದ ಐದು ಬೇಸ್‌ಗಳನ್ನೂ ದಾಟುವ 2152302898747 ಎಂಬುದು 6763 × 10627 × 29947. ನೀವು ಹೇಳಿದ 1000ದ ಮಿತಿಯಲ್ಲಿ ಅದು ಸಿಗುವುದಿಲ್ಲ. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವಾದರೆ ನಿಮ್ಮ 10 ಕೋಟಿಯ ಪಟ್ಟಿಯೂ ಸಾಲದು.

ಬಿಟ್‌ಲೆಕ್ಕ:
ನಿಗದಿತ ಬೇಸ್‌ಗಳನ್ನು ಬಿಟ್ಟು ಯಾದೃಚ್ಛಿಕವಾಗಿ ಆರಿಸುವುದೇ ಸರಿ. ತಪ್ಪು ಉತ್ತರ ಕೊಡುವ ಬೇಸ್‌ಗಳು ಯಾವ ಸಂಯುಕ್ತ ಸಂಖ್ಯೆಗೂ ಕಾಲು ಭಾಗ ಮೀರುವುದಿಲ್ಲ.

ಶೇಷಪ್ರಿಯೆ:
ನಿಜ, ಈ ಸಂಖ್ಯೆಯಂತೂ ಆ ಕಾಲು ಭಾಗವನ್ನು ಹೆಚ್ಚುಕಡಿಮೆ ಮುಟ್ಟುತ್ತದೆ. ಆದರೆ ಯಾದೃಚ್ಛಿಕ ಬೇಸ್‌ನಿಂದ ಸಿಗುವುದು ಸಂಭವನೀಯತೆಯೇ ಹೊರತು ಖಚಿತ ಪುರಾವೆಯಲ್ಲ. 64 ಬಿಟ್‌ನೊಳಗಿನ ಸಂಖ್ಯೆಗಳಿಗೆ 2ರಿಂದ 37ರವರೆಗಿನ 12 ಅವಿಭಾಜ್ಯ ಬೇಸ್‌ಗಳು ಖಚಿತ ಉತ್ತರ ಕೊಡುತ್ತವೆ.

ಗಣಿತಾಸಕ್ತ:
12 ಬೇಸ್‌ಗಳನ್ನೂ ಹಾಕಿದೆ. ಎರಡು ಸಂಖ್ಯೆಗಳನ್ನೂ ಈಗ ಸಂಯುಕ್ತ ಎನ್ನುತ್ತಿದೆ. 64 ಬಿಟ್ ಮೀರಿದ ಸಂಖ್ಯೆಗಳಿಗೆ ನೀವು ಏನು ಬಳಸುತ್ತೀರಿ?