ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಳಗಿನ ಫಂಕ್ಷನ್‌ಗಳನ್ನು ಎಲ್ಲರಿಗೂ ಬಿಟ್ಟುಕೊಡಬೇಕಾ?

ತುಂಗಾತೀರ: ಟೇಬಲ್ ಮಾಡಿದರೆ ಬೇರೆ ರೋಲ್‌ಗಳಿಗೆ (ಡೇಟಾಬೇಸ್ ಬಳಕೆದಾರರಿಗೆ) ತಾನಾಗಿ ಹಕ್ಕು ಸಿಗುವುದಿಲ್ಲ. ಫಂಕ್ಷನ್ ಹಾಗಲ್ಲ, ಮಾಡಿದ ಕೂಡಲೇ ಪಬ್ಲಿಕ್‌ಗೆ, ಅಂದರೆ ಎಲ್ಲ ರೋಲ್‌ಗಳಿಗೂ, ಎಕ್ಸಿಕ್ಯೂಟ್ (ಓಡಿಸುವ) ಹಕ್ಕು ಹೋಗಿರುತ್ತದೆ. ನಮ್ಮ ಪ್ರಾಜೆಕ್ಟ್‌ನಲ್ಲಿ ವ್ಯಾಲೆಟ್ ಬ್ಯಾಲೆನ್ಸ್ ತಿದ್ದುವ ಒಂದು ಫಂಕ್ಷನ್ ಇದೆ. ಅದು ಸೆಕ್ಯುರಿಟಿ ಡಿಫೈನರ್, ಯಾರು ಕರೆದರೂ ಮಾಲೀಕನ ಹಕ್ಕಿನಲ್ಲೇ ಓಡುತ್ತದೆ. ಹಣ ವರ್ಗಾಯಿಸುವ ಫಂಕ್ಷನ್ ಎಲ್ಲ ತಪಾಸಣೆ ಮುಗಿಸಿ ಇದನ್ನು ಕರೆಯಬೇಕು. ಆದರೆ ವರದಿ ತೆಗೆಯೋಕೆ ಅಂತ ಕೊಟ್ಟ ರೋಲ್ ಕೂಡ ಇದನ್ನು ನೇರವಾಗಿ ಕರೆಯಬಹುದು! ಇಂಥವನ್ನು ಮುಚ್ಚಲೇಬೇಕು.

ಕೋಡ್‌ಗಿರಿ: ಡೇಟಾಬೇಸ್‌ಗೆ ಲಾಗಿನ್ ಆಗೋದು ಆ್ಯಪ್ ಸರ್ವರ್ ತಾನೇ? ತಪಾಸಣೆ ಅಲ್ಲಿದ್ದರೆ ಸಾಕು. ಒಳಗಿನ ಫಂಕ್ಷನ್ ಹೆಸರಿಗೆ ಮುಂದೆ ಅಂಡರ್‌ಸ್ಕೋರ್ ಹಾಕಿ, ಎಲ್ಲರಿಗೂ ಗೊತ್ತಾಗುತ್ತದೆ. ಸುಮ್ನೆ ಯಾಕೆ ತಲೆನೋವು?

ತುಂಗಾತೀರ: ಅಂಡರ್‌ಸ್ಕೋರ್ ನೋಡಿ ಕೈ ಹಿಂದೆ ತೆಗೆಯುವವನು ನಿಮ್ಮ ಸಹೋದ್ಯೋಗಿ, ಒಳನುಗ್ಗಿದವನಲ್ಲ. ಪಿಜಿ_ಪ್ರಾಕ್ ಅನ್ನೋ ಕ್ಯಾಟಲಾಗ್‌ನಲ್ಲಿ (ಡೇಟಾಬೇಸ್‌ನ ಒಳಪಟ್ಟಿಯಲ್ಲಿ) ಫಂಕ್ಷನ್‌ನ ಹೆಸರು, ಕೋಡ್ ಎರಡೂ ಯಾವ ರೋಲ್‌ಗಾದರೂ ಕಾಣುತ್ತವೆ. ಎಲ್ಲೋ ಒಂದು ಕಡೆ ಎಸ್‌ಕ್ಯೂಎಲ್ ಇಂಜೆಕ್ಷನ್ ಆದರೆ, ಅಂದರೆ ಹೊರಗಿನವನು ತನ್ನ ಕ್ವೆರಿ ತೂರಿಸಿದರೆ, ಸಾಕು.

ನೇಸರ: ಜೊತೆಗೆ ಈಗ ಎಲ್ಲ ಕಡೆ ಆ್ಯಪ್ ಸರ್ವರ್ ಇರುತ್ತದೆ ಅಂತಲೂ ಇಲ್ಲ. ಡೇಟಾಬೇಸನ್ನು ನೇರವಾಗಿ ವೆಬ್‌ಗೆ ತೆರೆದಿಡುವ ಸುಪಾಬೇಸ್ ಥರದ್ದು ಬಳಸಿದರೆ ತೆರೆದಿಟ್ಟ ಸ್ಕೀಮಾದ (ಟೇಬಲ್, ಫಂಕ್ಷನ್ ಇಡುವ ಗುಂಪಿನ) ಫಂಕ್ಷನ್‌ಗಳನ್ನು ಬ್ರೌಸರ್‌ನಿಂದಲೇ ಆರ್‌ಪಿಸಿ (ದೂರದಿಂದ ಫಂಕ್ಷನ್ ಕರೆಯುವ) ವಿಳಾಸದಲ್ಲಿ ಕರೆಯಬಹುದು. ಅಲ್ಲಿ ನಿಮ್ಮ ತಪಾಸಣೆ ಕೂರೋಕೆ ಬೇರೆ ಜಾಗವೇ ಇಲ್ಲ.

ಕೋಡ್‌ಗಿರಿ: ಅದು ಸರಿ, ಒಪ್ಪಿದೆ. ಆದರೆ ಹಿಂದಿನ ಕೆಲಸದಲ್ಲಿ ಎಲ್ಲ ಫಂಕ್ಷನ್ ಮೇಲೂ ರಿವೋಕ್ (ಹಕ್ಕು ಹಿಂಪಡೆಯುವ ಆಜ್ಞೆ) ಓಡಿಸಿದರು, ಮರುದಿನ ಅರ್ಧ ವರದಿಗಳು ನಿಂತವು. ಅದಕ್ಕೇ ನನಗೆ ಹೆದರಿಕೆ.

ಡಿಬಿ_ಮೇಷ್ಟ್ರು: ಅದು ವ್ಯೂಗಳಿಂದ (ಟೇಬಲ್‌ನಂತೆ ಓದಬಹುದಾದ, ಉಳಿಸಿಟ್ಟ ಕ್ವೆರಿಗಳಿಂದ) ಆಗಿರಬೇಕು. ವ್ಯೂ ಒಳಗಿನ ಟೇಬಲ್‌ಗೆ ಸಾಮಾನ್ಯವಾಗಿ ವ್ಯೂ ಮಾಲೀಕನ ಹಕ್ಕು ನೋಡುತ್ತದೆ, ಆದರೆ ಅದರೊಳಗಿನ ಫಂಕ್ಷನ್‌ಗೆ ವ್ಯೂ ಓದುವವನ ಹಕ್ಕು ಬೇಕು. ಟೇಬಲ್ ಬದಲಾದಾಗ ತಾನಾಗಿ ಓಡುವ ಟ್ರಿಗರ್‌ಗಳಿಗೆ ಈ ತೊಂದರೆ ಇಲ್ಲ, ಟ್ರಿಗರ್ ಸೃಷ್ಟಿಸುವಾಗಷ್ಟೇ ಹಕ್ಕು ನೋಡುತ್ತದೆ. ಇನ್ನೊಂದು, ಆಲ್ಟರ್ ಡೀಫಾಲ್ಟ್ ಪ್ರಿವಿಲೇಜಸ್‌ನಲ್ಲಿ (ಮುಂದೆ ಮಾಡುವವುಗಳ ಹಕ್ಕನ್ನು ಮೊದಲೇ ನಿಗದಿ ಮಾಡುವ ಆಜ್ಞೆಯಲ್ಲಿ) 'ಇನ್ ಸ್ಕೀಮಾ' ಅಂತ ಸೇರಿಸಿ ಪಬ್ಲಿಕ್‌ನಿಂದ ರಿವೋಕ್ ಮಾಡಿದರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಸ್ಕೀಮಾ ಹೆಸರಿಲ್ಲದೆ ಕೊಡಬೇಕು. ಅದೂ ಫಂಕ್ಷನ್ ಮಾಡುವ ರೋಲ್‌ನ ಹೆಸರಲ್ಲೇ ಕೊಡಬೇಕು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ.

ನೇಸರ: ಮೈಗ್ರೇಷನ್‌ನಲ್ಲಿ (ಡೇಟಾಬೇಸ್ ರಚನೆ ಬದಲಿಸುವಾಗ) ಫಂಕ್ಷನ್ ಡ್ರಾಪ್ ಮಾಡಿ ಮತ್ತೆ ಕಟ್ಟಿದರೆ ಹಳೇ ರಿವೋಕ್ ಹೋಗಿಬಿಡುತ್ತದೆ, ಅಲ್ವಾ?

ಡಿಬಿ_ಮೇಷ್ಟ್ರು: ಹೌದು. ಕ್ರಿಯೇಟ್ ಆರ್ ರಿಪ್ಲೇಸ್ ಮಾಡಿದರೆ ಹಕ್ಕುಗಳು ಉಳಿಯುತ್ತವೆ. ಡ್ರಾಪ್ ಮಾಡಲೇಬೇಕಾದರೆ ಕ್ರಿಯೇಟ್, ರಿವೋಕ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲ ಒಟ್ಟಿಗೇ ಜಾರಿಯಾಗುವ ಕಟ್ಟಿನಲ್ಲಿ) ಇಡಿ, ನಡುವೆ ಯಾರಿಗೂ ಸಿಗಬಾರದು.

ಕೋಡ್‌ಗಿರಿ: ಆದರೂ ದಿನಾಂಕದ ರೂಪ ಬದಲಿಸುವಂಥ ಫಂಕ್ಷನ್‌ಗೂ ಬೀಗ ಹಾಕೋದು ಅತಿಯಾಯಿತು.

ತುಂಗಾತೀರ: ಅವನ್ನು ಬೇಕಾದವರಿಗೆ ಗ್ರಾಂಟ್ ಮಾಡಿ, ಒಂದು ಸಾಲಿನ ಕೆಲಸ. ಹಣ ಮುಟ್ಟುವ ಫಂಕ್ಷನ್‌ಗಳು ಮಾತ್ರ ಬೇರೆ ಸ್ಕೀಮಾದಲ್ಲಿರಲಿ. ಅದರ ಯೂಸೇಜ್ (ಒಳಗಿನದನ್ನು ಬಳಸುವ) ಹಕ್ಕು ಆ್ಯಪ್ ರೋಲ್‌ಗೂ ಬೇಡ. ವರ್ಗಾವಣೆಯ ಫಂಕ್ಷನ್ ಒಂದೇ ಹೊರಗಿರಲಿ, ಅದು ಸೆಕ್ಯುರಿಟಿ ಡಿಫೈನರ್ ಆಗಿರಲಿ, ಸರ್ಚ್ ಪಾತ್ (ಹೆಸರುಗಳನ್ನು ಹುಡುಕುವ ಸ್ಕೀಮಾಗಳ ಪಟ್ಟಿ) ಅದರಲ್ಲೇ ಕಟ್ಟಿಹಾಕಿರಿ.